ನಿಮಗಿದು ಗೊತ್ತೆ? ಎರಡೇ ದಿನದಲ್ಲಿ ದುಪ್ಪಟ್ಟಾಗುವ ಗೆಡ್ಡೆ

ಬರ್ಕಿಟ್ ಲಿಂಫೋಮಾ ಅಪರೂಪದ ಕ್ಯಾನ್ಸರ್. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸಬೇಕಾದ ಬಿ ಜೀವಕೋಶಗಳೇ ಇಲ್ಲಿ ಹಾದಿ ತಪ್ಪುತ್ತವೆ. 24ರಿಂದ 48 ಗಂಟೆಗಳಲ್ಲಿ ಅವುಗಳ ಸಂಖ್ಯೆ ದುಪ್ಪಟ್ಟಾಗಬಲ್ಲದು!

ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದ ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಮಕ್ಕಳ ದವಡೆ ಊದಿಸುತ್ತಿದ್ದ ಈ ಗೆಡ್ಡೆಯನ್ನು 1958ರಲ್ಲಿ ವಿವರಿಸಿದರು. 1964ರಲ್ಲಿ ಇದರ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಪತ್ತೆಯಾಯಿತು. ಮನುಷ್ಯರ ಕ್ಯಾನ್ಸರ್ ಜೊತೆ ನಂಟು ಕಂಡುಬಂದ ಮೊದಲ ವೈರಸ್ ಅದು.

ಗೆಡ್ಡೆಯ ಈ ವೇಗವೇ ಚಿಕಿತ್ಸೆಗೆ ಅನುಕೂಲ. ಕೀಮೋಥೆರಪಿ ಔಷಧಗಳು ವಿಭಜನೆಯಾಗುತ್ತಿರುವ ಕೋಶಗಳನ್ನೇ ಹೆಚ್ಚಾಗಿ ಕೊಲ್ಲುತ್ತವೆ. ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ಮೆಥೊಟ್ರೆಕ್ಸೇಟ್, ವಿನ್‌ಕ್ರಿಸ್ಟಿನ್ ಮುಂತಾದವನ್ನು ಒಟ್ಟುಗೂಡಿಸಿ ಕೊಟ್ಟರೆ, ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ರೋಗ ಮಿದುಳಿಗೆ ಹರಡದಂತೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೂ ಔಷಧ ಸೇರಿಸುತ್ತಾರೆ.

ವಿನ್‌ಕ್ರಿಸ್ಟಿನ್ ಮೂಲ ನಮ್ಮ ಅಂಗಳದ ನಿತ್ಯಪುಷ್ಪ ಗಿಡ!

ಚಿಕಿತ್ಸೆಯ ಮೊದಲ ದಿನಗಳಲ್ಲಿ ಕಟ್ಟೆಚ್ಚರ ಬೇಕು. ಕೋಶಗಳು ಒಮ್ಮೆಲೇ ಸತ್ತಾಗ ಯೂರಿಕ್ ಆಮ್ಲ, ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಮೂತ್ರಪಿಂಡ, ಹೃದಯಗಳಿಗೆ ಅಪಾಯ ತರಬಹುದು. ಹಾಗಾಗಿ ಚಿಕಿತ್ಸೆಗೆ ಮೊದಲೇ ಡ್ರಿಪ್ ಮತ್ತು ಯೂರಿಕ್ ಆಮ್ಲ ತಗ್ಗಿಸುವ ಔಷಧ ಶುರುವಾಗುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಪೂರ್ಣ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಂದಿ ಗುಣಮುಖರಾಗುತ್ತಾರೆ.