ದಿನಕ್ಕೆ ಐದು ಡಾಲರ್, ಜೊತೆಗೆ ಅಮೀನಗಡದ ಬುತ್ತಿ

ಯುರೋಪಿಗೆ ಹೊರಟವರು ಹೋಗಿಬಂದವರನ್ನು ಮೊದಲು ಕೇಳುವುದು ಒಂದೇ: ದಿನಕ್ಕೆ ಎಷ್ಟು ಹಿಡಿಯಬೇಕು? ಖರ್ಚನ್ನು ಹೀಗೆ ದಿನದ ಲೆಕ್ಕದಲ್ಲಿ ಕೇಳುವ ರೂಢಿ ಹಬ್ಬಿದ್ದರಲ್ಲಿ ಒಬ್ಬ ಸೈನಿಕನ ಪಾಲು ದೊಡ್ಡದು. ಅಮೆರಿಕದ ಆರ್ಥರ್ ಫ್ರೊಮರ್ ಜರ್ಮನಿಯಲ್ಲಿ ಸೇನೆಯ ಕೆಲಸದಲ್ಲಿದ್ದಾಗ ರಜೆ ಸಿಕ್ಕರೆ ಸಾಕು, ತಿರುಗಾಟಕ್ಕೆ ಹೊರಡುತ್ತಿದ್ದರು. 1955ರಲ್ಲಿ ಜೊತೆಯ ಸೈನಿಕರಿಗೆಂದು ಒಂದು ಕಿರುಪುಸ್ತಕ ಬರೆದರು. ಎರಡೇ ವರ್ಷದಲ್ಲಿ ಅದು ಬೆಳೆದು ‘ಯುರೋಪ್ ಆನ್ ಫೈವ್ ಡಾಲರ್ಸ್ ಎ ಡೇ’ ಆಯಿತು. ಡಾಲರಿಗೆ 4.76 ರೂಪಾಯಿ ಇದ್ದ ಕಾಲ. ಐದು ಡಾಲರ್ ಅಂದರೆ ಹತ್ತಿರಹತ್ತಿರ 24 ರೂಪಾಯಿ.

ಆ ಐದು ಡಾಲರಿನಲ್ಲಿ ಒಂದು ಕೋಣೆ, ಮೂರು ಹೊತ್ತಿನ ಊಟ ಅಷ್ಟೇ. ರೈಲು, ಟಿಕೆಟ್, ಖರೀದಿ ಎಲ್ಲ ಹೊರಗೆ. ಜನ ಮಾತ್ರ ಪುಸ್ತಕದ ಹೆಸರನ್ನಷ್ಟೇ ನೆನಪಿಟ್ಟುಕೊಂಡರು. ಇವತ್ತಿಗೂ ದಿನದ ಲೆಕ್ಕ ತಪ್ಪುವುದು ಇಲ್ಲೇ.

ನಮ್ಮವರಿಗೆ ಆಗ ಲೆಕ್ಕ ಹಾಕುವ ಪ್ರಮೇಯವೇ ಇರಲಿಲ್ಲ. ವಿದೇಶಿ ವಿನಿಮಯದ ಬರ. 1960ರ ದಶಕದಲ್ಲಿ ಎಷ್ಟೋ ಮಂದಿ ವಿಮಾನವನ್ನೋ ಹಡಗನ್ನೋ ಹತ್ತಿದ್ದು ಮೂರು ಪೌಂಡ್ ಇಟ್ಟುಕೊಂಡು. ಡಾಲರಿನಲ್ಲಿ ಎಂಟು ಚಿಲ್ಲರೆ. ಫ್ರೊಮರ್ ಲೆಕ್ಕದಲ್ಲಿ ಎರಡು ದಿನಕ್ಕೂ ಸಾಲದ ರೊಕ್ಕ. ರಿಸರ್ವ್ ಬ್ಯಾಂಕಿನ ಉದಾರ ರವಾನೆ ಯೋಜನೆ ಬಂದದ್ದು 2004ರಲ್ಲಿ, 25,000 ಡಾಲರ್ ಮಿತಿಯೊಂದಿಗೆ. ಈಗ ಆ ಮಿತಿ ವರ್ಷಕ್ಕೆ 2.5 ಲಕ್ಷ ಡಾಲರ್.

ನಮ್ಮ ಸರ್ಕಾರದ ಹಿಡಿತ ಸಡಿಲವಾದರೂ ಅಲ್ಲಿನ ಸರ್ಕಾರಗಳ ಲೆಕ್ಕ ತಪ್ಪಲಿಲ್ಲ. ಷೆಂಗೆನ್ ವೀಸಾ ಬೇಕೆಂದರೆ ದಿನಕ್ಕಿಷ್ಟು ಹಣವಿದೆ ಎಂದು ತೋರಿಸಬೇಕು. ಜರ್ಮನಿ 45 ಯೂರೋ ಕೇಳಿದರೆ ಫ್ರಾನ್ಸ್ ಹೋಟೆಲ್ ಕಾಯ್ದಿರಿಸಿದವರಿಗೆ 65, ಇಲ್ಲದವರಿಗೆ 120 ಎನ್ನುತ್ತದೆ. ಬಹಳ ಮಂದಿ ಇದನ್ನೇ ತಮ್ಮ ಬಜೆಟ್ ಎಂದುಕೊಂಡು ಹೊರಡುತ್ತಾರೆ. ಅದು ಗಡಿ ದಾಟಲು ತೋರಿಸುವ ಹಣ. ಊರು ನೋಡುವ ಖರ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಪ್ಯಾರಿಸ್ಸನ್ನೇ ತೆಗೆದುಕೊಳ್ಳಿ. 2025ರಲ್ಲಿ ಒಂದು ಸಲದ ಮೆಟ್ರೊ ಟಿಕೆಟ್ 2.50 ಯೂರೋ, ವಿಮಾನ ನಿಲ್ದಾಣದ ರೈಲಿಗೆ 13. ಇಳಿದ ದಿನದ ಖರ್ಚೇ ಬೇರೆ, ಮರುದಿನದ್ದೇ ಬೇರೆ. ಲೂವ್ರ್ ವಸ್ತುಸಂಗ್ರಹಾಲಯ 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ 22 ಯೂರೋ ಟಿಕೆಟನ್ನು 32ಕ್ಕೆ ಏರಿಸಿತು. ಅನ್ಯಾಯ ಅನಿಸಬಹುದು. ಅಮೀನಗಡದವರಿಗೆ ಮಾತ್ರ ಇದು ಹೊಸದಲ್ಲ: ಪಕ್ಕದ ಪಟ್ಟದಕಲ್ಲಿನಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600.

ಅಮೀನಗಡದವರಿಗೆ ಇನ್ನೊಂದು ಅನುಕೂಲವೂ ಇದೆ. ರಾಯಚೂರು–ಬೆಳಗಾವಿ ರಸ್ತೆಯಲ್ಲಿ ಓಡಾಡುವವರೆಲ್ಲ ಇಲ್ಲಿ ಕರದಂಟು ಕಟ್ಟಿಸಿಕೊಳ್ಳುತ್ತಾರೆ. ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಇವನ್ನೆಲ್ಲ ಬೆಲ್ಲದ ಪಾಕ ಹಿಡಿದಿಡುತ್ತದೆ. ನೀರಿನಂಶ ಕಡಿಮೆ, ವಾರಗಟ್ಟಲೆ ಕೆಡುವುದಿಲ್ಲ. ಎರಡು ತುಂಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಸೇರಿದರೆ ಫ್ರೊಮರ್ ಹಾಕಿದ ಮೂರು ಊಟದಲ್ಲಿ ಎರಡು ಪಟ್ಟಿಯಿಂದಲೇ ಹೊರಗೆ. ಮೂರನೆಯದನ್ನು ಅಲ್ಲಿನ ಹೋಟೆಲಿನಲ್ಲಿ ಧಾರಾಳವಾಗಿ ಉಣ್ಣಬೇಕು. ಅಷ್ಟು ದೂರ ಹೋಗಿ ಊರಿನ ರುಚಿ ನೋಡದೆ ಬರುವುದು ಉಳಿತಾಯವಲ್ಲ, ಜಿಪುಣತನ. ಫ್ರಾನ್ಸಿನಲ್ಲಿ ಊಟದ ಜೊತೆ ‘ಕರಾಫ್ ದೋ’ ಎಂದು ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡುತ್ತಾರೆ. ಕೇಳದಿದ್ದರೆ ಬಾಟಲಿ ಬರಬಹುದು, ಬಿಲ್ಲೂ ಬರುತ್ತದೆ.

ಬುತ್ತಿ ಕಟ್ಟುವಾಗ ಒಂದು ಎಚ್ಚರ. ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಮಾಂಸ ಬೆರೆಯದ ಸಿಹಿತಿಂಡಿಗೆ ವಿನಾಯಿತಿ ಇದೆ. ಹಾಗಾಗಿ ರೊಟ್ಟಿಗೆಂದು ಕಟ್ಟಿದ ಬೆಣ್ಣೆ, ಮೊಸರಿನ ಡಬ್ಬಿ ಮನೆಯಲ್ಲೇ ಇರಲಿ.