ನಿಮಗಿದು ಗೊತ್ತೇ? ಕಡಲೊಳಗೆ ಬೇಸಾಯ ಮಾಡುವ ಮೀನು!

ಬೆಂಗಳೂರಿನ ಶ್ರೀರಾಂಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು ಸಾಗಬೇಕು. ಆದರೂ ಹವಳದ ದಿಬ್ಬಗಳ ಒಂದು ಪುಟ್ಟ ಮೀನು ನಮ್ಮ ನಗರದ ಅಕ್ವೇರಿಯಂ ಅಂಗಡಿಗಳವರೆಗೆ ಬಂದಿದೆ. ಉಪ್ಪುನೀರಿನ ತೊಟ್ಟಿಯಲ್ಲಿ ಕಡುನೀಲಿ, ಹಳದಿ, ಕಪ್ಪು-ಬಿಳಿ ಪಟ್ಟೆಗಳಲ್ಲಿ ಮಿಂಚುವ ಆ ಮೀನೇ ಡ್ಯಾಮ್ಸೆಲ್. ಅದರ ಬದುಕಿನ ಕೆಲವು ಸಂಗತಿಗಳು ಇಲ್ಲಿವೆ.

● ಡ್ಯಾಮ್ಸೆಲ್ ಕುಟುಂಬದಲ್ಲಿ ಸುಮಾರು 400 ಜಾತಿಯ ಮೀನುಗಳಿವೆ. 'ಫೈಂಡಿಂಗ್ ನೀಮೋ' ಚಿತ್ರದಿಂದ ಮನೆಮಾತಾದ ಕ್ಲೌನ್ ಮೀನು ಕೂಡ ಇದೇ ಕುಟುಂಬದ್ದು. ಹೆಚ್ಚಿನವು ಗೇಣುದ್ದಕ್ಕಿಂತ ಚಿಕ್ಕವು.

● ಸಾಮಾನ್ಯವಾಗಿ ಮೀನಿನ ಮೂತಿಯ ಒಂದೊಂದು ಬದಿಯಲ್ಲೂ ಎರಡೆರಡು ಮೂಗಿನ ಹೊಳ್ಳೆಗಳಿರುತ್ತವೆ. ಬಹುಪಾಲು ಡ್ಯಾಮ್ಸೆಲ್‌ಗಳಿಗೆ ಬದಿಗೆ ಒಂದೊಂದೇ!

● ಇವನ್ನು ನೋಡಲು ವಿದೇಶಕ್ಕೆ ಹೋಗಬೇಕಿಲ್ಲ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮುರ್ಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿದರೆ ನೇತ್ರಾಣಿ ದ್ವೀಪ. ಅದರ ಬಂಡೆಗಳ ಬುಡದಲ್ಲಿ ಹವಳವಿದೆ, ಹವಳದ ಸುತ್ತ ಡ್ಯಾಮ್ಸೆಲ್‌ಗಳಿವೆ.

● ಕೆಲವು ಡ್ಯಾಮ್ಸೆಲ್‌ಗಳು ಅಪ್ಪಟ ರೈತರು. ಸ್ಟೆಗಾಸ್ಟಿಸ್ ನೈಗ್ರಿಕನ್ಸ್ ಎಂಬ ಜಾತಿಯ ಮೀನು ಹವಳದ ಮೇಲೊಂದು ತುಂಡು ಜಾಗ ಹಿಡಿದು, ಪಾಲಿಸೈಫೋನಿಯಾ ಎಂಬ ನವಿರಾದ ಕೆಂಪು ಪಾಚಿಯನ್ನು ಬೆಳೆಯುತ್ತದೆ. ಒರಟು ಪಾಚಿ ಇದಕ್ಕೆ ಜೀರ್ಣವಾಗದು. ಹಾಗಾಗಿ ನಡುವೆ ಬೇರೆ ಪಾಚಿ ಚಿಗುರಿದರೆ ಬಾಯಲ್ಲಿ ಕಚ್ಚಿ ಕಿತ್ತು, ಗದ್ದೆಯ ಅಂಚಿನಾಚೆ ಒಯ್ದು ಉಗುಳಿ ಬರುತ್ತದೆ. ಕಳೆ ಕೀಳುವ ಈ ಕೆಲಸಕ್ಕೆ ಬಿಡುವೇ ಇಲ್ಲ. ಜಪಾನಿನ ಹಿರೋಕಿ ಹಾತಾ ಮತ್ತು ಮಕೋಟೊ ಕಾಟೊ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನೂ ತಿಳಿಸಿತು: ಮೀನಿನ ಕಾವಲು ತಪ್ಪಿದರೆ ಆ ಪಾಚಿಯೂ ಉಳಿಯುವುದಿಲ್ಲ. ಬೆಳೆಗೆ ರೈತ ಬೇಕು, ರೈತನಿಗೆ ಬೆಳೆ ಬೇಕು.

● ಈ ರೈತರಲ್ಲಿ ಸಾಕುಪ್ರಾಣಿ ಇಟ್ಟುಕೊಂಡವರೂ ಇದ್ದಾರೆ! ಮಧ್ಯ ಅಮೆರಿಕದ ಬೆಲೀಜ್ ಕಡಲಲ್ಲಿ ಒಂದು ಜಾತಿಯ ಡ್ಯಾಮ್ಸೆಲ್, ಮೈಸಿಡ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳ ಗುಂಪನ್ನು ತನ್ನ ಗದ್ದೆಯಲ್ಲಿ ಇರಗೊಡುತ್ತದೆ. ಅವನ್ನು ತಿನ್ನಲು ಬಂದವರನ್ನು ಅಟ್ಟುತ್ತದೆ. ಅವುಗಳ ಹಿಕ್ಕೆ ಪಾಚಿಗೆ ಗೊಬ್ಬರವಾಗುತ್ತದೆ. 2020ರಲ್ಲಿ ಇದು ಪ್ರಕಟವಾಯಿತು. ಮನುಷ್ಯನನ್ನು ಬಿಟ್ಟರೆ ಬೇರೊಂದು ಕಶೇರುಕ ಇನ್ನೊಂದು ಪ್ರಾಣಿಯನ್ನು ಪಳಗಿಸಿಕೊಂಡ ಮೊದಲ ದಾಖಲೆ ಇದೆಂದು ಸಂಶೋಧಕರು ಹೇಳಿದರು.

● ಗದ್ದೆಗೆ ನುಗ್ಗಿದವರು ಎಷ್ಟೇ ದೊಡ್ಡವರಾಗಿರಲಿ, ಡ್ಯಾಮ್ಸೆಲ್ ಹೆದರದು. ತನಗಿಂತ ಹಲವು ಪಟ್ಟು ದೊಡ್ಡ ಗಿಳಿಮೀನನ್ನೂ ಮುಳುಗುಗಾರರನ್ನೂ ಕಚ್ಚಿ ಓಡಿಸಲು ನೋಡುತ್ತದೆ.

● ಮೊಟ್ಟೆ ಕಾಯುವುದು ಅಪ್ಪನ ಕೆಲಸ. ಗಂಡು ಬಂಡೆಯ ಮೈಯನ್ನು ಬಾಯಿಂದ ಶುಚಿ ಮಾಡಿ, ಕುಣಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಆಮೇಲೆ ಗಂಡು ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತದೆ, ಕೆಟ್ಟ ಮೊಟ್ಟೆಗಳನ್ನು ತೆಗೆದುಹಾಕುತ್ತದೆ. ಇದೇ ಕುಟುಂಬದ, ಪಟ್ಟೆಗಳ ಸಾರ್ಜೆಂಟ್ ಮೀನಿನ ಗಂಡಿಗೆ ಕಾವಲಿನ ದಿನಗಳಲ್ಲಿ ಮೈಬಣ್ಣವೇ ನೀಲಿಗೆ ತಿರುಗುತ್ತದೆ.

● ಮರಿಗಳು ಸಾಮಾನ್ಯವಾಗಿ ಸೂರ್ಯ ಮುಳುಗಿದ ಮೇಲೆ, ಕತ್ತಲಲ್ಲಿ ಹೊರಬರುತ್ತವೆ. ಕೆಲವು ವಾರ ತೆರೆದ ಕಡಲಲ್ಲಿ ತೇಲಿ, ಬಳಿಕ ಹವಳಕ್ಕೆ ಮರಳುತ್ತವೆ. ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ದಿನಕ್ಕೊಂದರಂತೆ ಉಂಗುರ ಮೂಡುವುದರಿಂದ, ಅವನ್ನೆಣಿಸಿ ಮರಿಯ ವಯಸ್ಸನ್ನು ದಿನದ ಲೆಕ್ಕದಲ್ಲಿ ಹೇಳಬಹುದು.

● ಕ್ಲೌನ್ ಮೀನಿನ ಮರಿಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನ ಯಜಮಾನಿ ಹೆಣ್ಣು ಸತ್ತರೆ, ಅದರ ಜೊತೆಗಾರ ಗಂಡೇ ಹೆಣ್ಣಾಗಿ ಬದಲಾಗುತ್ತದೆ!

● ಈ ಮೀನುಗಳು ಸದ್ದನ್ನೂ ಮಾಡುತ್ತವೆ. ಕ್ಲೌನ್ ಮೀನು ದವಡೆಯನ್ನು ಥಟ್ಟನೆ ಮುಚ್ಚಿ, ಹಲ್ಲಿಗೆ ಹಲ್ಲು ತಾಗಿಸಿ ಟಕಟಕ ಎನ್ನಿಸುತ್ತದೆಂದು 2007ರಲ್ಲಿ ಖಚಿತವಾಯಿತು.

● ಆಂಬೋನ್ ಡ್ಯಾಮ್ಸೆಲ್‌ನ ಮುಖದ ಮೇಲೆ ನಮ್ಮ ಕಣ್ಣಿಗೆ ಕಾಣದ ಚಿತ್ತಾರವಿದೆ. ಅತಿನೇರಳೆ ಬೆಳಕಿನಲ್ಲಷ್ಟೇ ಕಾಣುವ ಆ ಗೆರೆ-ಚುಕ್ಕೆಗಳಿಂದ ಅದು ತನ್ನ ಜಾತಿಯವರನ್ನು ಗುರುತಿಸುತ್ತದೆ.

● ಡ್ಯಾಮ್ಸೆಲ್ ಹವಳದ ಋಣವನ್ನೂ ತೀರಿಸುತ್ತದೆ. ರಾತ್ರಿ ಹವಳದ ಕೊಂಬೆಗಳ ನಡುವಿನ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಅಲ್ಲೇ ಮಲಗುವ ಕೆಂಪು ಸಮುದ್ರದ ಡ್ಯಾಮ್ಸೆಲ್‌ಗಳು ನಿದ್ದೆಯಲ್ಲೂ ರೆಕ್ಕೆ ಆಡಿಸುತ್ತಲೇ ಇರುತ್ತವೆ. ಇದರಿಂದ ಹೊಸ ನೀರು ಒಳಗೆ ಬಂದು ಹವಳ ಉಸಿರಾಡುತ್ತದೆ. ಮೀನು ಹೊರಹಾಕುವ ಅಮೋನಿಯಾ ಹವಳಕ್ಕೆ ಪೋಷಣೆಯಾಗುತ್ತದೆ.

● ಹವಳ ಸತ್ತರೆ ಈ ಮೀನು ಬೀದಿಪಾಲು. 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಅಲ್ಲಿನ ದಿಬ್ಬಗಳನ್ನು ವರ್ಷಾನುಗಟ್ಟಲೆ ಗಮನಿಸುತ್ತ ಬಂದಿರುವುದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್.

● ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿವೆ. ಹುಲಿಗೂ ಅದೇ ಶೆಡ್ಯೂಲಿನ ರಕ್ಷಣೆ. ನೇತ್ರಾಣಿಯಿಂದ ಒಂದು ಚೂರು ಹವಳ ಮುರಿದು ತಂದರೂ ಅಪರಾಧವೇ.

● ಡ್ಯಾಮ್ಸೆಲ್ ಗಟ್ಟಿಜೀವ. ಅದಕ್ಕೇ ಹೊಸ ಉಪ್ಪುನೀರಿನ ತೊಟ್ಟಿ ಹದಕ್ಕೆ ಬರುವ ಮುನ್ನವೇ ಇದನ್ನು ಇಳಿಸುವ ರೂಢಿ ಬೆಳೆದಿದೆ. ಅಮೋನಿಯಾ ತುಂಬಿದ ನೀರಿನಲ್ಲಿ ಅದು ನರಳುತ್ತದೆ. ಮೀನು ಬಿಡದೆಯೂ ತೊಟ್ಟಿಯನ್ನು ಹದಗೊಳಿಸಬಹುದು, ಕೆಲವು ವಾರಗಳ ತಾಳ್ಮೆ ಬೇಕು ಅಷ್ಟೆ.

● ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನನ್ನೂ ಹಲವು ಜಾತಿಯ ಡ್ಯಾಮ್ಸೆಲ್‌ಗಳನ್ನೂ ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಅಂದರೆ ಅಂದದ ಮೀನಿಗಾಗಿ ಹವಳದ ದಿಬ್ಬವನ್ನು ಬರಿದು ಮಾಡಬೇಕಿಲ್ಲ. ಮಕ್ಕಳ ಹಟಕ್ಕೆ ಮಣಿದು ಉಪ್ಪುನೀರಿನ ಮೀನು ಕೊಳ್ಳಲು ಹೊರಟಿದ್ದರೆ, ಬೆಲೆ ಕೇಳುವ ಮೊದಲು ಇದನ್ನು ಕೇಳಿ: "ಇದು ಕಡಲಲ್ಲಿ ಹಿಡಿದದ್ದೋ, ತೊಟ್ಟಿಯಲ್ಲಿ ಮರಿ ಮಾಡಿಸಿದ್ದೋ?" ಕಡಲಲ್ಲಿ ಹಿಡಿದದ್ದಾದರೆ ದಯವಿಟ್ಟು ಕೊಳ್ಳಬೇಡಿ.