ರೇಖಾಚಿತ್ರದಲ್ಲಿ ಬಿಂದುಲಾಘವ

ಅಲ್ಪಾಕ್ಷರಗಳಿಂದ ಬಹ್ವರ್ಥವನ್ನು ತಿಳಿಸುವುದು ಶಾಸ್ತ್ರದಲ್ಲಿ ಲಾಘವವೆನಿಸುತ್ತದೆ. ಪಾಣಿನೀಯದ ‘ಅಚ್’ ಎಂಬ ಪ್ರತ್ಯಾಹಾರವು ಆದಿಯ ಅಕಾರವನ್ನೂ ಅಂತ್ಯದ ಇತ್ಸಂಜ್ಞಕ ಚಕಾರವನ್ನೂ ಮಾತ್ರ ಹೇಳಿ ಸಕಲ ಸ್ವರಗಳನ್ನೂ ಗ್ರಹಿಸುತ್ತದೆ. ನಡುವಣ ವರ್ಣಗಳ ಕ್ರಮವು ನಿಯತವಾಗಿರುವುದರಿಂದಲೇ ಇದು ಸಾಧ್ಯ. ಅಂಕಿಗಳನ್ನು ರೇಖೆಯಾಗಿ ಚಿತ್ರಿಸುವಲ್ಲಿಯೂ ಇಂತಹುದೇ ಲಾಘವವೊಂದುಂಟು.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ದಾಟಿ, ಗೋಕಾಕದ ಜಲಪಾತದಲ್ಲಿ ಧುಮುಕಿ, ಮೂಡಲಗಿಯ ಸೀಮೆಯತ್ತ ಸಾಗುವ ಘಟಪ್ರಭೆಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ಬರೆದಿಟ್ಟರೆ ವರ್ಷಕ್ಕೆ ೮೭೬೦ ಅಂಕಿಗಳಾಗುವುವು. ಅಷ್ಟನ್ನೂ ಗೇಣಗಲದ ಹಾಳೆಯಲ್ಲಿ ಗುರುತಿಸಿದರೆ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಮಸಿಯ ಪಟ್ಟೆಯೊಂದೇ ಕಾಣುವುದು. ಆದುದರಿಂದ ಕೆಲವನ್ನು ಬಿಡಬೇಕು. ಯಾವುದನ್ನು ಬಿಡಬೇಕೆಂಬುದೇ ಪ್ರಶ್ನೆ.

ಐದು ಗಂಟೆಗಳ ಮಟ್ಟವು ಕ್ರಮವಾಗಿ ೬, ೭, ೮, ೧೩, ೯ ಅಡಿಗಳೆಂದು ಕಲ್ಪಿಸಬಹುದು. ಒಂದು ಬಿಟ್ಟು ಒಂದನ್ನು ಆಯ್ದರೆ ೬, ೮, ೯ ಮಾತ್ರ ಉಳಿದು ೧೩ ಅಳಿಯುತ್ತದೆ. ಸರಾಸರಿ ತೆಗೆದರೆ ೮.೬ ಬಂದು ನೆರೆಯು ಮರೆಯಾಗುತ್ತದೆ. ೨೦೧೯ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣಕ್ಕೆ ನೆರೆ ನುಗ್ಗಿದುದನ್ನು ಬಲ್ಲವರಿಗೆ ಈ ದೋಷದ ಗುರುತ್ವವನ್ನು ವಿವರಿಸಬೇಕಾಗಿಲ್ಲ. ಸೇತುವೆಯ ಎತ್ತರವನ್ನೂ ಮನೆಯ ತಳಪಾಯವನ್ನೂ ನಿಶ್ಚಯಿಸತಕ್ಕುದು ಸರಾಸರಿಯಲ್ಲ, ಆ ಒಂದು ಶಿಖರ.

೧೯೭೩ರಲ್ಲಿ ಕೆನಡಾದ ಡಗ್ಲಸ್ ಮತ್ತು ಪಾಯ್ಕರ್ ಎಂಬವರು ನಕ್ಷೆಯ ಗೆರೆಗಳಿಗಾಗಿ ಪ್ರಕಟಿಸಿದ ಕ್ರಮವು ಇಲ್ಲಿ ಒದಗುತ್ತದೆ. ೧೯೭೨ರಲ್ಲಿ ರಾಮರ್ ಎಂಬವರೂ ಇದೇ ಬಗೆಯ ಕ್ರಮವನ್ನು ಹೇಳಿದ್ದರು. ಮೊದಲು ಆದ್ಯಂತ ಬಿಂದುಗಳನ್ನು ಸರಳರೇಖೆಯಿಂದ ಕೂಡಿಸಬೇಕು. ಅದರಿಂದ ಅತಿದೂರದಲ್ಲಿರುವ ಬಿಂದುವು ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಅದನ್ನು ಉಳಿಸಿಕೊಂಡು, ಅದರ ಎರಡು ಪಕ್ಕಗಳಲ್ಲಿಯೂ ಇದೇ ವಿಧಿಯನ್ನು ಮರಳಿ ನಡಸಬೇಕು. ಮೀರದಿದ್ದರೆ ನಡುವಿನವೆಲ್ಲ ತ್ಯಾಜ್ಯ. ದೂರವನ್ನು ಲಂಬವಾಗಿ ಅಳೆದು ಒಂದಡಿಯ ಮಿತಿಯಿಟ್ಟರೆ ಮೇಲಣ ಉದಾಹರಣೆಯಲ್ಲಿ ೬, ೮, ೧೩, ೯ ಉಳಿಯುತ್ತವೆ. ೭ ಮಾತ್ರ ಲೋಪವಾಗುತ್ತದೆ. ಅದು ೬ಕ್ಕೂ ೮ಕ್ಕೂ ನಡುವೆ ಒಂದೇ ಗೆರೆಯಲ್ಲಿದ್ದುದರಿಂದ ಲೋಪವಾದರೂ ಅರ್ಥಹಾನಿಯಿಲ್ಲ.

ಇನ್ನೊಂದು ಸುಲಭಮಾರ್ಗವೂ ಉಂಟು. ಹಾಳೆಯನ್ನು ೩೦೦ ಕಿರಿಯ ಕಂಬಸಾಲುಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿ ಮೊದಲನೆಯದು, ಕಡೆಯದು, ಕನಿಷ್ಠ, ಗರಿಷ್ಠ ಎಂಬ ನಾಲ್ಕನ್ನು ಮಾತ್ರ ಇರಿಸಿದರೆ ೮೭೬೦ ಅಂಕಿಗಳು ಹೆಚ್ಚೆಂದರೆ ೧೨೦೦ಕ್ಕೆ ಇಳಿಯುವುವು, ಶಿಖರವೊಂದೂ ಕೆಡುವುದಿಲ್ಲ.

ಆದರೆ ಈ ಸಂಕ್ಷೇಪವು ಚಿತ್ರಕ್ಕೆ ಮಾತ್ರ ಸಲ್ಲತಕ್ಕುದು. ಮೂಲದ ದಾಖಲೆಯನ್ನು ಅಖಂಡವಾಗಿ ಕಾಪಾಡಬೇಕು. ಚಿತ್ರದ ಕೆಳಗೆ ಅನುಸರಿಸಿದ ಕ್ರಮವನ್ನೂ ಮಿತಿಯನ್ನೂ ನಮೂದಿಸಬೇಕು. ಹಾಗಿದ್ದರೆ ಸಂದೇಹಪಟ್ಟ ಓದುಗನು ಮೂಲಕ್ಕೆ ಮರಳಿ ಪರೀಕ್ಷಿಸಬಲ್ಲನು.